ಹೆಸರು ಬದಲಿಸಿದರೆ ಚಿತ್ರ ತೆರೆಯದು

ಗಂಜಾಂನ ನಿಮಿಷಾಂಬ ದೇವಸ್ಥಾನದ ಮುಂದೆ ಕಾವೇರಿ ಮೆಟ್ಟಿಲ ಮೇಲೆ ಕೂತು ಐಫೋನಿನಲ್ಲಿ ಒಂದು ಫೋಟೊ ತೆಗೆದೆ. ಮನೆಗೆ ಬಂದು ಮೂಲ ಫೈಲನ್ನು ಕಂಪ್ಯೂಟರಿಗಿಳಿಸಿ ಕ್ರೋಮ್‌ಗೆ ಎಳೆದು ಹಾಕಿದರೆ ನದಿಯೂ ಇಲ್ಲ, ಮೆಟ್ಟಿಲೂ ಇಲ್ಲ. ಹೆಸರಿನ ಕೊನೆಯಲ್ಲಿ ‘ಎಚ್‌ಇಐಸಿ’ ಎಂದಿತ್ತು. ಅದನ್ನಳಿಸಿ ‘ಜೆಪಿಜಿ’ ಎಂದು ಬರೆದೆ. ಆಗಲೂ ಚಿತ್ರ ಬರಲಿಲ್ಲ.

ಬ್ರೌಸರ್ ಹೆಸರೊಂದನ್ನೇ ನಂಬುವುದಿಲ್ಲ. ಸಂತೆಯಲ್ಲಿ ಚೀಲದ ಮೇಲಿನ ಬರಹ ಬಿಟ್ಟು ಒಂದು ಹಿಡಿ ಕಾಳು ಎತ್ತಿ ನೋಡುವವರಂತೆ, ಅದು ಫೈಲಿನ ಮೊದಲ ಬೈಟುಗಳನ್ನು ಓದುತ್ತದೆ. 255, 216 ಎಂದು ಶುರುವಾದರೆ ಜೆಪೆಗ್, ಅಂದರೆ ಜೆಪಿಜಿ. 137, 80, 78, 71 ಎಂದಿದ್ದರೆ ಪಿಎನ್‌ಜಿ. ಗುರುತು ಹಿಡಿದರೂ ಬಿಡಿಸುವ ವಿದ್ಯೆ ಅದರೊಳಗಿರಬೇಕು. ಆಪಲ್ 2017ರಲ್ಲಿ ಐಫೋನಿಗೆ ತಂದ ಎಚ್‌ಇಐಸಿಯನ್ನು ಅದರದೇ ಬ್ರೌಸರ್ ಸಫಾರಿ ತೋರಿಸತೊಡಗಿದ್ದು 2023ರಲ್ಲಿ; ಕ್ರೋಮ್ ಅದನ್ನು ಕಲಿತಿಲ್ಲ. ಗೂಗಲ್ 2010ರಲ್ಲಿ ಹೊರತಂದ ವೆಬ್‌ಪಿ ಚಿತ್ರಮಾದರಿಗೂ ಹೀಗೇ ಕಾಯುವ ಪಾಡು: ಫೈರ್‌ಫಾಕ್ಸ್ 2019ರಲ್ಲಿ, ಸಫಾರಿ 2020ರಲ್ಲಿ ಒಪ್ಪಿಕೊಂಡವು.

ಚಿತ್ರ ತೆರೆಯಿತೆಂದ ಮಾತ್ರಕ್ಕೆ ಅದು ಪೂರ್ತಿ ಉಳಿದಿದೆ ಎನ್ನುವಂತಿಲ್ಲ. ಗಂಜಾಂ ಹತ್ತಿರದ ದರಿಯಾ ದೌಲತ್ ಅರಮನೆಯ ಪಶ್ಚಿಮ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕಾಳಗದ ಚಿತ್ರವಿದೆ. ಸಾಲುಸಾಲು ಕುದುರೆಗಳು, ಪಲ್ಲಕ್ಕಿಯಲ್ಲಿ ಬ್ರಿಟಿಷ್ ಸೇನೆಯ ಕರ್ನಲ್ ಬೇಲಿ. ಇಂಥ ಚಿತ್ರದ ಫೋಟೊವನ್ನು ಜೆಪೆಗ್ ಮಾಡಿದಾಗ ಆ ವಿಧಾನ ಅದನ್ನು 8×8 ಚುಕ್ಕೆಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಕಾಣದ ವಿವರವನ್ನು ಬಿಟ್ಟುಬಿಡುತ್ತದೆ. ಹೆಚ್ಚು ಹಿಂಡಿದಷ್ಟೂ ಕತ್ತಿಯ ಅಂಚು, ಮೀಸೆಯ ಗೆರೆ ಮಸುಕಾಗುತ್ತವೆ. ತಿದ್ದಿ ಮತ್ತೆ ಮತ್ತೆ ಸೇವ್ ಮಾಡಿದರೆ ಇನ್ನಷ್ಟು ಹೋಗುತ್ತದೆ. ಪಿಎನ್‌ಜಿಯಲ್ಲಿ ಈ ನಷ್ಟವಿಲ್ಲ, ಆದರೆ ಫೈಲು ಭಾರ.

ಆ ಗೋಡೆಗೂ ಇದೇ ಗತಿಯಾಗಿತ್ತು. ಹಾಳಾಗಿದ್ದ ಚಿತ್ರವನ್ನು ಬ್ರಿಟಿಷ್ ಸೇನಾಧಿಕಾರಿ ವೆಲ್ಲೆಸ್ಲಿ ದುರಸ್ತಿ ಮಾಡಿಸಿದ. ಅದೂ ಅಳಿಸಿಹೋದಾಗ, ಮೂಲವನ್ನು ಕಂಡ ನೆನಪಿದ್ದ ಕಲಾವಿದನಿಂದ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಿದ. ಇಂದು ನಾವು ನೋಡುವುದು ನೆನಪಿನಿಂದ ಮರಳಿ ಬಂದ ಚಿತ್ರ.

ನಮ್ಮ ಫೋಟೊಗಳಿಗೆ ಆ ಅನಿವಾರ್ಯತೆಯಿಲ್ಲ. ಹಂಚಲು ಜೆಪೆಗ್ ಪ್ರತಿ ಮಾಡಿಕೊಳ್ಳಿ. ಹೆಸರು ತಿದ್ದಿ ಅಲ್ಲ, ಫೋಟೊ ಆ್ಯಪ್‌ನಲ್ಲಿ ತೆರೆದು ‘ಎಕ್ಸ್‌ಪೋರ್ಟ್’ ಒತ್ತಿ. ಮೂಲ ಫೈಲನ್ನು ಮಾತ್ರ ಮುಟ್ಟದೆ ಎತ್ತಿಡಿ.