ಕೆಲಸವಿಲ್ಲದವರು ಇಳಿದ ಚರ್ಚಿನ ಮೆಟ್ಟಿಲು

1963ರ ಏಪ್ರಿಲ್‌ನಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ನಡೆಸುತ್ತಿದ್ದ ಚಳವಳಿ ಸೊರಗುತ್ತಿತ್ತು. ಜೈಲಿಗೆ ಹೋಗಲು ಸಿದ್ಧರಿದ್ದವರು ಕಡಿಮೆಯಾಗುತ್ತ ಬಂದಿದ್ದರು. ಕಾರಣ ಸರಳ. ಮೆರವಣಿಗೆಯಲ್ಲಿ ಮುಖ ಕಂಡರೆ ಕಪ್ಪು ಜನಾಂಗದವರ ಕೆಲಸಕ್ಕೆ ಕುತ್ತು ಬರುತ್ತಿತ್ತು. ಮನೆ ನಡೆಸುವ ಅಪ್ಪ ಅಮ್ಮಂದಿರು ಹೆದರಿದ್ದರಲ್ಲಿ ತಪ್ಪೇನಿಲ್ಲ.

ಆಗ ಕಿಂಗ್ ಅವರ ಸಂಗಾತಿ ಜೇಮ್ಸ್ ಬೆವೆಲ್‌ಗೆ ಒಂದು ಯೋಚನೆ ಬಂತು. ಕೆಲಸವೇ ಇಲ್ಲದವರಿಗೆ ಕೆಲಸ ಹೋಗುವ ಭಯ ಎಲ್ಲಿಂದ? ಅವರು ವಿದ್ಯಾರ್ಥಿಗಳನ್ನು ಕರೆದರು. ವಿದ್ಯಾರ್ಥಿಗಳು ಬಂದು ಸೇರಿದ ಜಾಗವೇ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚ್.

ಬರ್ಮಿಂಗ್‌ಹ್ಯಾಮ್ 1871ರಲ್ಲಿ ಹುಟ್ಟಿದ ಉಕ್ಕಿನ ಊರು. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಮೂರೂ ಅಲ್ಲೇ ಹತ್ತಿರದಲ್ಲಿ ಸಿಗುತ್ತಿದ್ದವು. ಊರು ಹುಟ್ಟಿದ ಎರಡೇ ವರ್ಷಕ್ಕೆ, 1873ರಲ್ಲಿ, ಕಪ್ಪು ಜನರು ಈ ಚರ್ಚ್ ಕಟ್ಟಿಕೊಂಡರು. ಗುಲಾಮಗಿರಿ ಕೊನೆಗೊಂಡು ಆಗಿನ್ನೂ ಎಂಟು ವರ್ಷ. 1908ರಲ್ಲಿ ನಗರಾಡಳಿತ ಅವರ ಕಟ್ಟಡವನ್ನು ಕೆಡವಲು ಆದೇಶಿಸಿತು. ಈಗಿರುವ ಜೋಡಿ ಗೋಪುರದ ಕಟ್ಟಡ 1911ರಲ್ಲಿ ಎದ್ದು ನಿಂತಿತು. ಎಂಜಿನಿಯರಿಂಗ್ ಓದುವ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿಯೊಂದಿದೆ: ಅದರ ವಾಸ್ತುಶಿಲ್ಪಿ ವ್ಯಾಲೇಸ್ ರೇಫೀಲ್ಡ್ ಕಪ್ಪು ಜನಾಂಗದವರು, ಕಟ್ಟಿದ ಗುತ್ತಿಗೆದಾರರೂ ಕಪ್ಪು ಜನಾಂಗದವರೇ. ಬಿಳಿಯರೂ ಕರಿಯರೂ ಒಟ್ಟಿಗೆ ಕುಳಿತು ಚೆಕರ್ಸ್ ಆಡುವುದನ್ನೂ ಕಾನೂನು ಮಾಡಿ ನಿಷೇಧಿಸಿದ್ದ ಊರು ಅದು. ಅಲ್ಲಿ ಪ್ರಾರ್ಥನೆ, ಸಭೆ, ಭಾಷಣ, ಸಂಗೀತ ಎಲ್ಲಕ್ಕೂ ಇವರಿಗೆ ಚರ್ಚೇ ಆಸರೆ.

1963ರ ಮೇ 2ರಂದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ತರಗತಿ ಬಿಟ್ಟರು. ಚರ್ಚಿನಿಂದ ತಂಡ ತಂಡವಾಗಿ ಹಾಡುತ್ತ ಹೊರಟರು. ಒಂದು ತಂಡವನ್ನು ಬಂಧಿಸುವಷ್ಟರಲ್ಲಿ ಇನ್ನೊಂದು ತಂಡ ಮೆಟ್ಟಿಲಿಳಿಯುತ್ತಿತ್ತು. ಪೊಲೀಸರ ವಾಹನ ಸಾಲದೆ ಶಾಲೆಯ ಬಸ್ಸುಗಳಲ್ಲೇ ಅವರನ್ನು ಜೈಲಿಗೆ ಸಾಗಿಸಲಾಯಿತು. ಮರುದಿನ ನಗರದ ಸುರಕ್ಷತಾ ಆಯುಕ್ತ ಬುಲ್ ಕಾನರ್, ಮಕ್ಕಳ ಮೇಲೆ ಅಗ್ನಿಶಾಮಕ ದಳದ ನೀರಿನ ಹೊಡೆತಕ್ಕೂ ಪೊಲೀಸ್ ನಾಯಿಗಳ ಬಳಕೆಗೂ ಅಪ್ಪಣೆ ಕೊಟ್ಟ. ಆ ಫೋಟೊಗಳನ್ನು ಇಡೀ ಜಗತ್ತು ನೋಡಿತು.

ಮೇ 10ರಂದು ಒಪ್ಪಂದವಾಯಿತು. ಹೋಟೆಲ್ ಕೌಂಟರಿನಲ್ಲಿ ಕೂರುವ ಹಕ್ಕಷ್ಟೇ ಅಲ್ಲ, ಅಂಗಡಿಗಳಲ್ಲಿ ಕಪ್ಪು ಜನರಿಗೆ ಕೆಲಸ ಕೊಡಬೇಕೆಂಬ ಮಾತೂ ಅದರಲ್ಲಿತ್ತು. ಅಪ್ಪ ಅಮ್ಮಂದಿರು ಯಾವುದನ್ನು ಕಳೆದುಕೊಳ್ಳುವ ಭಯದಿಂದ ಮನೆಯಲ್ಲಿ ಉಳಿದಿದ್ದರೋ ಅದನ್ನೇ ಮಕ್ಕಳು ಕೇಳಿ ಪಡೆದಿದ್ದರು. ಅದೇ ತಿಂಗಳು ಶಿಕ್ಷಣ ಮಂಡಳಿ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಡಿಬಾರ್ ಮಾಡಿತು. ಎರಡೇ ದಿನದಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಡೆಯಿತು.

ಮಕ್ಕಳನ್ನು ಹೀಗೆ ಮುಂದೆ ಬಿಟ್ಟದ್ದು ಸರಿಯೇ ಎಂದು ಆಗಲೇ ಹಲವರು ಕೇಳಿದ್ದರು. ನಾನೂ ಕೇಳಿಕೊಂಡಿದ್ದೇನೆ. ಆದರೆ ಸೆಪ್ಟೆಂಬರ್ 15ರಂದು ನಡೆದದ್ದನ್ನು ನೋಡಿ. ಅಂದು ಭಾನುವಾರ, ಚರ್ಚಿನಲ್ಲಿ ಯುವಜನರ ದಿನ. ಬೆಳಿಗ್ಗೆ 10.22ಕ್ಕೆ, ಬಿಳಿಯರ ಕೂ ಕ್ಲಕ್ಸ್ ಕ್ಲಾನ್ ಸಂಘಟನೆಯವರು ಮೆಟ್ಟಿಲ ಕೆಳಗೆ ಇಟ್ಟಿದ್ದ ಡೈನಮೈಟ್ ಸಿಡಿಯಿತು. ಪ್ರಾರ್ಥನೆಗೆ ತಯಾರಾಗುತ್ತಿದ್ದ ಆ್ಯಡಿ ಮೇ ಕಾಲಿನ್ಸ್, ಕ್ಯಾರೊಲ್ ರಾಬರ್ಟ್‌ಸನ್, ಸಿಂಥಿಯಾ ವೆಸ್ಲಿ, ಡೆನಿಸ್ ಮೆಕ್‌ನೇರ್ ಸತ್ತರು. ಮೂವರಿಗೆ 14 ವರ್ಷ, ಡೆನಿಸ್‌ಗೆ 11. ಆ ದಿನ ಅವರು ಯಾವ ಮೆರವಣಿಗೆಗೂ ಹೊರಟಿರಲಿಲ್ಲ. ಸುಮ್ಮನಿದ್ದವರು ಸುರಕ್ಷಿತರು ಎಂಬ ಮಾತು ಆ ಊರಿನಲ್ಲಿ ನಿಜವಾಗಿರಲಿಲ್ಲ.

ನ್ಯಾಯ ತೆವಳುತ್ತ ಬಂತು. ಎಫ್‌ಬಿಐ 1968ರಲ್ಲಿ ಯಾರ ಮೇಲೂ ಆರೋಪ ಹೊರಿಸದೆ ಕಡತ ಮುಚ್ಚಿತು. ಬಾಂಬ್ ಸಿಡಿದಾಗ ಕಾನೂನು ವಿದ್ಯಾರ್ಥಿಯಾಗಿದ್ದ ಬಿಲ್ ಬ್ಯಾಕ್ಸ್‌ಲಿ ಮುಂದೆ ಅಲಬಾಮಾದ ಅಟಾರ್ನಿ ಜನರಲ್ ಆಗಿ ಪ್ರಕರಣವನ್ನು ಮತ್ತೆ ತೆರೆದರು. 1977ರಲ್ಲಿ ಒಬ್ಬ, 2001ರಲ್ಲಿ ಇನ್ನೊಬ್ಬ, 2002ರಲ್ಲಿ ಮತ್ತೊಬ್ಬ ಜೈಲು ಸೇರಿದರು. ಕೊನೆಯ ತೀರ್ಪಿನ ಹೊತ್ತಿಗೆ 38 ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು.

ಚರ್ಚ್ ಮಾತ್ರ ಮರುವರ್ಷವೇ ಬಾಗಿಲು ತೆರೆಯಿತು. ಒಡೆದ ಕಿಟಕಿಯೊಂದರ ಜಾಗಕ್ಕೆ ದೂರದ ವೇಲ್ಸ್‌ನ ಜನ ಚಂದಾ ಎತ್ತಿ ಬಣ್ಣದ ಗಾಜಿನ ಕಿಟಕಿ ಕಳಿಸಿದರು. ಒಬ್ಬ ಶ್ರೀಮಂತನ ಕೊಡುಗೆ ಆಗಬಾರದೆಂದು ಒಬ್ಬೊಬ್ಬರಿಂದ ಅರ್ಧ ಕ್ರೌನ್‌ಗಿಂತ ಹೆಚ್ಚು ತೆಗೆದುಕೊಳ್ಳಲಿಲ್ಲ. ಕಪ್ಪು ಕ್ರಿಸ್ತನಿರುವ ಆ ಕಿಟಕಿ ಈಗಲೂ ಅಲ್ಲಿದೆ, ಭಾನುವಾರದ ಪ್ರಾರ್ಥನೆಯೂ ನಡೆಯುತ್ತಿದೆ.

‘ಮೊದಲು ಒಂದು ಕೆಲಸ ಹಿಡಿ, ಸಮಾಜ ಗಿಮಾಜ ಎಲ್ಲ ಆಮೇಲೆ’ ಎಂಬ ಮಾತನ್ನು ನಮ್ಮಲ್ಲಿ ಕೇಳದವರು ಕಡಿಮೆ. ಹೇಳುವವರ ಕಾಳಜಿಯೂ ನಿಜವೇ. ಆದರೆ ಕೆಲಸ ಸಿಕ್ಕ ಮೇಲೆ ಕಳೆದುಕೊಳ್ಳುವ ಭಯವೂ ಜೊತೆಗೇ ಬರುತ್ತದೆ ಎಂಬುದನ್ನು ಬರ್ಮಿಂಗ್‌ಹ್ಯಾಮ್‌ನ ಹಿರಿಯರು ಅರಿತಿದ್ದರು. ಆಫರ್ ಲೆಟರ್‌ಗಾಗಿ ಕಾಯುವ ಈ ವರ್ಷಗಳಲ್ಲಿ ನಮ್ಮ ಕೈ ಖಾಲಿ ಇರಬಹುದು. ತಪ್ಪನ್ನು ತಪ್ಪು ಎನ್ನಲು ಇದಕ್ಕಿಂತ ಅನುಕೂಲದ ಕಾಲ ಮುಂದೆ ಸಿಗಲಾರದು.