ಟಿ.ಸಿ. ಕೇಳುವ ಮುನ್ನ ಹತ್ತು ವರ್ಷದ ಲೆಕ್ಕ ಹಾಕಿ!

ಶೆಟ್ಟಿಹಳ್ಳಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಏಳುವ ಹಳೆಯ ಚರ್ಚು. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಇಂಥ ಹಳ್ಳಿಗಳ ಜಗಲಿ ಮೇಲೆ ನಡೆಯುವ ಮಾತೇ ಬೇರೆ. ‘ಎಂಟನೇ ಕ್ಲಾಸಿಗೆ ಹುಡುಗನ್ನ ಹಾಸನಕ್ಕೆ ಹಾಕ್ಬಿಡೋಣ. ಇಲ್ಲೇ ಕೊಳೀತಾ ಇದ್ರೆ ಇಂಜಿನಿಯರಿಂಗ್ ಸೀಟು ಸಿಗುತ್ತಾ?’

ಹಾಗಂದುಕೊಂಡು ಟಿ.ಸಿ. ತೆಗೆಸುವವರು ಒಂದು ಸಂಗತಿ ಮರೆಯುತ್ತಾರೆ. ಹಾಸನದ ಬಸ್ಸು ಹತ್ತಿದ ದಿನವೇ ಮಗನಿಗಾಗಿ ಕಾದಿಟ್ಟ ಒಂದು ಬಾಗಿಲು ಮುಚ್ಚಿಹೋಗುತ್ತದೆ!

ಏನದು ಬಾಗಿಲು? ಸಿ.ಇ.ಟಿ. ಮೂಲಕ ಹಂಚುವ ಸರ್ಕಾರಿ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು. ಷರತ್ತು ಮಾತ್ರ ಬಿಗಿ. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಕನ್ನಡ ಮಾಧ್ಯಮಕ್ಕೂ ಅದೇ ಹತ್ತು ವರ್ಷದ ಲೆಕ್ಕ. ಒಂಬತ್ತು ವರ್ಷ ಹಳ್ಳಿ, ಒಂದೇ ವರ್ಷ ಪೇಟೆ ಎಂದರೆ ಗ್ರಾಮೀಣ ಕೋಟಾ ಖೋತಾ! ಮನೆ ಹಳ್ಳಿಯಲ್ಲಿದ್ದರೆ ಸಾಲದು, ಶಾಲೆ ಹಳ್ಳಿಯಲ್ಲಿರಬೇಕು. ಪಿ.ಯು.ಸಿ.ಯನ್ನು ಹಾಸನದಲ್ಲಿ ಓದಿದರೆ ಅಡ್ಡಿಯಿಲ್ಲ. ಹೆಡ್‌ಮೇಷ್ಟ್ರ ಸಹಿ, ಬಿ.ಇ.ಓ. ಮೇಲುಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಕೈಲಿರಬೇಕು.

ಇನ್ನೊಂದು ನಷ್ಟವೂ ಉಂಟು. ಎಂಟನೇ ತರಗತಿಯಲ್ಲಿ ನಡೆಯುವ ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲಿ ಆಯ್ಕೆಯಾದ ಬಡಮಕ್ಕಳಿಗೆ ಒಂಬತ್ತರಿಂದ ದ್ವಿತೀಯ ಪಿ.ಯು.ವರೆಗೆ ವರ್ಷಕ್ಕೆ 12,000 ರೂ. ವಿದ್ಯಾರ್ಥಿವೇತನ. ಆದರೆ ಇದು ಸರ್ಕಾರಿ, ಅನುದಾನಿತ ಶಾಲೆಯವರಿಗಷ್ಟೇ. ಫೀಸು ಕಟ್ಟಿ ಖಾಸಗಿ ಶಾಲೆ ಸೇರಿದವರಿಗೆ ಇದೂ ಇಲ್ಲ.

ಹಾಗಂತ ಅಪ್ಪ-ಅಮ್ಮಂದಿರ ಭಯ ಸುಳ್ಳೇ? ಸುಳ್ಳಲ್ಲ. ಗಣಿತದ ಮೇಷ್ಟ್ರೇ ಇಲ್ಲದ ಶಾಲೆಯಲ್ಲಿ ಕೋಟಾ ಹಿಡ್ಕೊಂಡು ಏನ್ ಮಾಡೋದು? ಇಂಜಿನಿಯರಿಂಗ್ ರ‍್ಯಾಂಕಿಗೆ ಸಿ.ಇ.ಟಿ. ಅಂಕ ಅರ್ಧ, ದ್ವಿತೀಯ ಪಿ.ಯು.ಸಿ.ಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಇನ್ನರ್ಧ. ಅದರ ಬುನಾದಿ ಬೀಳುವುದು ಎಂಟು, ಒಂಬತ್ತು, ಹತ್ತರಲ್ಲೇ. ಮೇಷ್ಟ್ರಿಲ್ಲದಿದ್ದರೆ ಟಿ.ಸಿ. ಕೇಳುವ ಬದಲು ಎಸ್.ಡಿ.ಎಂ.ಸಿ. ಸಭೆಯಲ್ಲಿ ಮೇಷ್ಟ್ರನ್ನು ಕೇಳಬೇಕು. ಬಿ.ಇ.ಓ. ಕಚೇರಿ ಮೆಟ್ಟಿಲು ಹತ್ತಲು ಹತ್ತು ಜನ ತಂದೆತಾಯಂದಿರು ಸಾಕು.

ಹಳ್ಳಿ ಮಕ್ಕಳಿಗೆ ತಲೆಯಿಲ್ಲವೆಂಬ ಮಾತಂತೂ ನಿಲ್ಲದು. 2019ರ ಎಸ್.ಎಸ್.ಎಲ್.ಸಿ.ಯಲ್ಲಿ ಶೇ. 89.33 ಫಲಿತಾಂಶದೊಡನೆ ರಾಜ್ಯಕ್ಕೇ ಮೊದಲು ಬಂದದ್ದು ಇದೇ ಹಾಸನ ಜಿಲ್ಲೆ. ಅದು ಬರೀ ಪೇಟೆ ಹುಡುಗರಿಂದ ಬಂದ ಅಂಕಿಯಲ್ಲ.

ಹತ್ತನೇ ಕ್ಲಾಸು ಮುಗಿದ ಮೇಲೂ ಎಡವುವ ಜಾಗ ಒಂದಿದೆ. ಪಿ.ಯು.ಸಿ.ಯಲ್ಲಿ ಗಣಿತ ಬಿಟ್ಟವರಿಗೆ ಇಂಜಿನಿಯರಿಂಗ್ ಇಲ್ಲ. ಜೀವಶಾಸ್ತ್ರ ಬಿಟ್ಟವರಿಗೆ ಡಾಕ್ಟರಿಕೆ ಇಲ್ಲ, ಕಾರೆಕೆರೆಯ ಕೃಷಿ ಕಾಲೇಜೂ ಇಲ್ಲ. ಗೆಳೆಯ ತಗೊಂಡ ಅಂತ ತಗೊಳ್ಳುವ ವಿಷಯವಲ್ಲ ಅದು. ಪಿ.ಯು.ಸಿ. ಬೇಡವೆನ್ನುವವರಿಗೆ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ. ಮುಗಿಸಿ ಡಿ.ಸಿ.ಇ.ಟಿ. ಬರೆದರೆ ನೇರ ಇಂಜಿನಿಯರಿಂಗ್ ಎರಡನೇ ವರ್ಷಕ್ಕೇ ಪ್ರವೇಶ. ಓದಿದ್ದು ಜಮೆಯಾದಂತೆ, ವರ್ಷ ದಂಡವಾಗದು.

1979ರಲ್ಲಿ ಗೊರೂರು ಅಣೆಕಟ್ಟು ಮುಗಿದಾಗ ಈ ಭಾಗದ ಜನ ಊರನ್ನೇ ನೀರಿಗೆ ಬಿಟ್ಟುಕೊಟ್ಟರು. ಅಂದು ಅವರ ಕೈಯಲ್ಲಿ ಆಯ್ಕೆ ಇರಲಿಲ್ಲ. ಇಂದು ಮಕ್ಕಳ ಪಾಲಿನ ಸೀಟನ್ನು ಗೊತ್ತಿಲ್ಲದೆ ಬಿಟ್ಟುಕೊಡುವುದು ಬೇಡ. ಹೋಗುವುದೇ ಆದರೆ ಹೋಗಲಿ, ಲೆಕ್ಕ ಹಾಕಿ ಹೋಗಲಿ. ಅರ್ಜಿ ತುಂಬುವ ದಿನ ಸೈಬರ್ ಅಂಗಡಿಯಲ್ಲಿ ಕೂತು ‘ಅಯ್ಯೋ, ಮೊದಲೇ ಗೊತ್ತಿದ್ರೆ’ ಎಂದು ತಲೆ ಚಚ್ಚಿಕೊಂಡರೆ ಮುಚ್ಚಿದ ಬಾಗಿಲು ಮತ್ತೆ ತೆರೆಯದು.