ಪದವಿಲ್ಲದ ಪಲ್ಲವಿ

ಮನೆಮಂದಿಯೆಲ್ಲ ಕೂಡಿ ನೋಡುವ ಧಾರಾವಾಹಿಗೆ ಶೀರ್ಷಿಕೆ ಸಂಗೀತವೆಂಬುದು ಕೇವಲ ಅಲಂಕಾರವಲ್ಲ. ಚಿತ್ರವನ್ನು ಕಾಣಲು ಪರದೆಯ ಮುಂದಿರಬೇಕು. ನಾದವಾದರೋ ಅಡುಗೆಮನೆಯಲ್ಲಿದ್ದವರನ್ನೂ ಕರೆತರುತ್ತದೆ. ಜೊತೆಗೆ, ಬರಲಿರುವ ಕಥೆಯ ಮನೋಧರ್ಮವನ್ನೂ ಕ್ಷಣಮಾತ್ರದಲ್ಲಿ ಸೂಚಿಸುತ್ತದೆ.

೧೯೮೪ರ ಹಿಂದಿ ಹಾಸ್ಯ ಧಾರಾವಾಹಿ ‘ಯೇ ಜೋ ಹೈ ಜಿಂದಗೀ’ ಈ ಹೊಣೆಯನ್ನು ಕಿಶೋರ್ ಕುಮಾರರ ಹಾಡಿಗೆ ಒಪ್ಪಿಸಿತ್ತು. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿದ, ೧೯೮೬ರಲ್ಲಿ ದೂರದರ್ಶನಕ್ಕೆ ಬಂದ ‘ಮಾಲ್ಗುಡಿ ಡೇಸ್’ಗೆ ಸಂಗೀತ ನೀಡಿದ ಎಲ್. ವೈದ್ಯನಾಥನ್ ಬೇರೆ ದಾರಿ ಹಿಡಿದರು. ಅವರ ರಾಗದಲ್ಲಿ ಕಂಠವಿದೆ, ಪದಗಳಿಲ್ಲ. ‘ತಾನನ’ ಎಂಬ ಗುನುಗು ಮಾತ್ರ. ಕೆಲಸದ ನಡುವೆ ತನ್ನಷ್ಟಕ್ಕೆ ಹಾಡಿಕೊಳ್ಳುವವರ ದನಿ ಅದು. ಆರ್. ಕೆ. ಲಕ್ಷ್ಮಣರ ಗೆರೆಚಿತ್ರಗಳ ತಿಳಿಹಾಸ್ಯಕ್ಕೆ ಅದು ಸಹಜವಾಗಿ ಒಪ್ಪಿತು.

ಬಸವಕಲ್ಯಾಣ, ಹುಮನಾಬಾದಿನಂಥ ಗಡಿಸೀಮೆಯ ಊರುಗಳನ್ನು ನೆನೆದರೆ ಈ ಆಯ್ಕೆಯ ಬೆಲೆ ತಿಳಿಯುತ್ತದೆ. ಕನ್ನಡ, ಮರಾಠಿ, ದಖನಿ ಉರ್ದು ಅಲ್ಲಿ ಒಟ್ಟಿಗೇ ಬಾಳುತ್ತವೆ. ಹುಮನಾಬಾದಿನ ಬಳಿಯ ಮಾಣಿಕನಗರದ ಮಾಣಿಕಪ್ರಭುಗಳು ೧೯ನೆಯ ಶತಮಾನದಲ್ಲಿ ಇಂಥ ಕೇಳುಗರ ನಡುವೆ ಹಲವು ಭಾಷೆಗಳಲ್ಲಿ ಪದ ಕಟ್ಟಿದರು. ವೈದ್ಯನಾಥನ್ ಯಾವ ಭಾಷೆಯನ್ನೂ ಆರಿಸಿಕೊಳ್ಳಲಿಲ್ಲ.

ಕನ್ನಡ ನೆಲದಲ್ಲಿ ರೂಪುಗೊಂಡ ಆ ಕಥೆಗಳು ಅಂದು ಹಿಂದಿ, ಇಂಗ್ಲಿಷುಗಳಲ್ಲಿ ಮಾತನಾಡಿದವು. ಹಿಂದಿ ಬಾರದ ಅಜ್ಜಿಗೆ ಸಂಭಾಷಣೆ ಅರ್ಧವಷ್ಟೇ ದಕ್ಕಿರಬಹುದು. ಆದರೆ ಆ ಗುನುಗನ್ನು ಯಾರೂ ಆಕೆಗೆ ಅನುವಾದಿಸಿ ಹೇಳಬೇಕಿರಲಿಲ್ಲ.